ಮಾವನ ಅಂಗಿಯ ಚುಂಗು

ಕುತ್ತಿಗೆ ತುರಿಸುತ್ತಿಲ್ಲ ಎಂಬುದೇ ಲೋವೆಲ್‌ನಿಗೆ ಆಶ್ಚರ್ಯವಾಗಿತ್ತು. ಉಣ್ಣೆಯ ಅಂಗಿ ಎಂದಮೇಲೆ ಕುತ್ತಿಗೆ ಕೆರೆದುಕೊಳ್ಳುತ್ತಲೇ ಇರಬೇಕೆಂದು ಅವನು ಇಷ್ಟು ವರ್ಷ ನಂಬಿದ್ದ. ತಾನಾಗಿ ಕೊಂಡುಕೊಂಡ ಅಂಗಿಗಳೆಲ್ಲ ಹಾಗೇ ಇದ್ದವು. ಇದು ಆ ಜಾತಿಯದ್ದಲ್ಲ. ಕಾಲರಿನ ಒಳಗೆ, ಚರ್ಮಕ್ಕೆ ತಾಗುವ ಕಡೆ, ಅತ್ತೆ ನುಣ್ಣನೆಯ ಸ್ಯಾಟಿನ್ ಪಟ್ಟಿ ಕೊಟ್ಟು ಹೊಲಿದಿದ್ದಳು. ಹೆಮ್ಲಾಕ್ ಮರಕ್ಕೆ ಬೆನ್ನು ಕೊಟ್ಟು, ತೊಡೆಯ ಮೇಲೆ ಬಂದೂಕು ಅಡ್ಡ ಇಟ್ಟುಕೊಂಡು, ಬೆಳಕು ಹರಿಯಲೆಂದು ಕೂತವನು ಜಿಂಕೆಯ ಯೋಚನೆ ಬಿಟ್ಟು ಅಂಗಿಯ ಯೋಚನೆಯಲ್ಲೇ ಮುಳುಗಿದ್ದ. ಹಸಿರು ಕಪ್ಪು ಚೌಕಳಿ. ಎಡ ಎದೆಯ ಮೇಲೆ ಜೇಬಿದೆಯೆಂದು ಕಣ್ಣಿಗೆ ತಿಳಿಯುವುದೇ ಇಲ್ಲ, ಚೌಕಳಿಗೆ ಚೌಕಳಿಯನ್ನು ಅಷ್ಟು ಸರಿಯಾಗಿ ಕೂಡಿಸಿದ್ದಾಳೆ ಪುಣ್ಯಾತ್ಗಿತ್ತಿ. ಬೆರಳಲ್ಲಿ ತಡವಿ ಹುಡುಕಬೇಕು. ಭುಜಕ್ಕೆ ಎರಡು ಪದರ. ಹಿಂದಿನ ಚುಂಗು ಕುಂಡೆ ಮುಚ್ಚುವಷ್ಟು ಉದ್ದ, ಬಗ್ಗಿದರೂ ಪ್ಯಾಂಟಿನಿಂದ ಈಚೆ ಬರದು. ಮೇಲೆ ಹಾಕಿಕೊಂಡ ಕೆಂಪು ಕೋಟು, ಬೇರೆ ಬೇಟೆಗಾರರ ಕಣ್ಣಿಗೆ ಬೀಳಲೆಂಬ ಕಾಡಿನ ಕಾನೂನಿಗಾಗಿ; ಬೆಚ್ಚಗಿಟ್ಟದ್ದು ಒಳಗಿನ ಅಂಗಿ.

ಕತ್ತಲಿರುವಾಗಲೇ ಮಾವ ಅದನ್ನು ಅವನ ಮಂಚದ ಮೇಲೆ ಎಸೆದಿದ್ದ. "ತಗೋ, ನಂಗೆ ದೊಗಳೆ ಆಗ್ಬಿಟ್ಟಿದೆ. ನೀನೇ ಇಟ್ಕೋ." ಅಷ್ಟೇ ಹೇಳಿ, ಅಂಗಡಿಯಲ್ಲಿ ತಂದ ತೆಳ್ಳನೆಯ ಅಂಗಿಯೊಂದಕ್ಕೆ ತಾನು ಗುಂಡಿ ಹಾಕಿಕೊಳ್ಳತೊಡಗಿದ್ದ. ಮಾವ ಎಮೊರಿ ಯಾರಿಗಾದರೂ ಏನಾದರೂ ಕೊಟ್ಟದ್ದನ್ನು ಲೋವೆಲ್ ಕಂಡಿರಲಿಲ್ಲ. ಮಗಳನ್ನು ಕೊಟ್ಟಿದ್ದ, ನಿಜ, ಆದರೆ ಅದೂ ಅವಳೇ ಹಟ ಹಿಡಿದು ಬಂದದ್ದು. ಅಳಿಯ ಪೇಟೆಯ ಜೋಡಿನ ಅಂಗಡಿಯಲ್ಲಿ ಗಿರಾಕಿಗಳ ಮುಂದೆ ಮಂಡಿಯೂರಿ ಪಾದದ ಅಳತೆ ತೆಗೆಯುವವನೆಂದು ಎಮೊರಿಗೆ ಹೇಳಿಕೊಳ್ಳಲು ನಾಚಿಕೆ. "ಇವನು ನಮ್ಮ ರೋವೀನಾ ಗಂಡ. ಊರೋರ ಕಾಲು ಹಿಡೀತಾನೆ," ಎಂದೇ ಪರಿಚಯ ಮಾಡಿಸುತ್ತಿದ್ದ. ಕೇಳಿದವರು ನಗುತ್ತಿದ್ದರು, ಲೋವೆಲ್‌ನೂ ನಗುತ್ತಿದ್ದ, ರಾತ್ರಿ ನಿದ್ದೆ ಬರುತ್ತಿರಲಿಲ್ಲ. ಅಂಥ ಮುದುಕ, ಸತ್ತ ಹೆಂಡತಿ ಕೈಯಾರೆ ಹೊಲಿದ ಅಂಗಿಯನ್ನು ತೆಗೆದು ಕೊಟ್ಟುಬಿಟ್ಟ! ಥ್ಯಾಂಕ್ಸ್ ಎನ್ನುವ ಬದಲು ಲೋವೆಲ್, "ಮಾವ, ಇದು ಒಗೆಯೋದು ತಣ್ಣೀರಲ್ಲೇ ಅಲ್ವಾ?" ಎಂದು ಕೇಳಿದ್ದ. ಎಂಥ ಬೆಪ್ಪು ಪ್ರಶ್ನೆ.

ಅಂಗಿ ತನಗೆ ಸರಿಯಾಗಿ ಕೂತದ್ದು ಮಾತ್ರ ಅವನಿಗೆ ಹೊಸದಲ್ಲ. ಅತ್ತೆ ವರ್ನಾ ಉಣ್ಣೆ ಗಿರಣಿಯಲ್ಲಿ ಇಪ್ಪತ್ತು ವರ್ಷ ಕಾಲರು ಕೂರಿಸಿದವಳು. ಗಂಡನಿಗೆಂದು ಇದನ್ನು ಮನೆಯಲ್ಲೇ ಕತ್ತರಿಸಿದ್ದಳು. ಎಮೊರಿ ಅಳತೆಗೆ ನಿಲ್ಲುವ ಆಸಾಮಿಯಲ್ಲ, ಗುಂಡುಪಿನ್ನು ಚುಚ್ಚಿದರೆ ಸಾಕು ಬೈಯುತ್ತ ಹೊರಟುಬಿಡುತ್ತಿದ್ದ. "ಲೋವೆಲ್, ಬಾರಪ್ಪ ಇಲ್ಲಿ. ನಿಮ್ಮಿಬ್ಬರ ಭುಜಾನೂ ಒಂದೇ ಅಳತೆ," ಎಂದು ಅಡಿಗೆಮನೆಯ ನಡುವೆ ಅವನನ್ನೇ ನಿಲ್ಲಿಸಿ, ಬಾಯಲ್ಲಿ ಪಿನ್ನು ಕಚ್ಚಿಕೊಂಡೇ ಮಾತಾಡುತ್ತ, ಬೆನ್ನ ಮೇಲೆ ಬಟ್ಟೆ ಎಳೆದೆಳೆದು ನೋಡುತ್ತಿದ್ದಳು. ಒಲೆಯ ಮೇಲೆ ಸೇಬು ಬೇಯುತ್ತಿತ್ತು. ಕೈ ಎತ್ತು, ಇಳಿಸು, ಬಗ್ಗು. ಆ ಮನೆಯಲ್ಲಿ ಯಾರಾದರೂ ತನ್ನನ್ನು ಅಷ್ಟು ಹೊತ್ತು ನೋಡಿದ್ದು ಅದೊಂದೇ ಸಲ ಎಂದು ಅವನಿಗೆ ಆಗಲೂ ಅನಿಸಿತ್ತು, ಈಗಲೂ ಅನಿಸಿತು.

ಕೆಳಗಿನ ತಗ್ಗಿನಲ್ಲಿ ಎಲೆ ಸರಕ್ಕೆಂದಿತು. ಅಳಿಲಿರಬೇಕು ಎಂದುಕೊಂಡ, ಪ್ರತಿ ವರ್ಷವೂ ಅಳಿಲೇ ಇರಲಪ್ಪ ಎಂದು ಬೇಡಿಕೊಳ್ಳುವುದು ಅವನಿಗೆ ರೂಢಿಯಾಗಿತ್ತು. ಪೆನ್ಸಿಲ್ವೇನಿಯಾದ ಈ ಗುಡ್ಡಗಳಲ್ಲಿ ಥ್ಯಾಂಕ್ಸ್‌ಗಿವಿಂಗ್ ಹಬ್ಬ ಮುಗಿದ ಮೇಲಿನ ಸೋಮವಾರ ಜಿಂಕೆ ಬೇಟೆ ಶುರು; ಗಿರಣಿ, ಶಾಲೆ, ಜೋಡಿನ ಅಂಗಡಿ ಎಲ್ಲಕ್ಕೂ ಬೀಗ, ಗಂಡಸಾದವನು ಕಾಡಿನಲ್ಲಿರಬೇಕು. ಇರುತ್ತಿದ್ದ, ಹತ್ತು ವರ್ಷದಿಂದ. ಜಿಂಕೆಗಳೂ ಬರುತ್ತಿದ್ದವು, ಬಾರದೆ ಏನು. ಎದುರಿಗೆ ಬಂದು ನಿಂತು ಕಿವಿ ಅಲುಗಿಸಿದಾಗ ಇವನ ಬೆರಳು ಮರಗಟ್ಟಿ ಹೋಗುತ್ತಿತ್ತು. ಸಂಜೆ ಬೇಟೆಮನೆಗೆ ಹೋಗಿ, "ಒಂದೂ ಕಾಣ್ಲಿಲ್ಲ ಕಣ್ರಪ್ಪ," ಎಂದು ಬೂಟು ಬಿಚ್ಚುತ್ತಿದ್ದ. ಯಾರೂ ಅನುಮಾನಿಸುತ್ತಿರಲಿಲ್ಲ. ಅನುಮಾನಿಸುವಷ್ಟು ಕೂಡ ಯಾರೂ ಇವನನ್ನು ಗಮನಿಸುತ್ತಿರಲಿಲ್ಲ.

ಬೇಟೆಮನೆಯ ಒಲೆಯ ಹಿಂದಿನ ಗೋಡೆ ಇದೆಯಲ್ಲ, ಅದು ಅವನ ಹೊಟ್ಟೆಯುರಿ. ಗುಂಡು ಹಾರಿಸಿಯೂ ಗುರಿ ತಪ್ಪಿ ಜಿಂಕೆಯನ್ನು ಕಳೆದುಕೊಂಡವನ ಅಂಗಿಯ ಹಿಂದಿನ ಚುಂಗನ್ನು ಆ ಸಂಜೆಯೇ ಕತ್ತರಿಸಿ, ಹೆಸರು ಇಸವಿ ಬರೆದು, ಮೊಳೆ ಹೊಡೆದು ನೇತುಹಾಕುವುದು ಅಲ್ಲಿನ ಪದ್ಧತಿ. ಕೆಂಪು, ನೀಲಿ, ಬೂದು, ಹೊಗೆ ಹಿಡಿದು ಬಣ್ಣ ತಿಳಿಯದಂಥವು, ಗೋಡೆ ತುಂಬ ತುಂಡುಗಳು. ಕ್ಷೌರದಂಗಡಿಯ ಡ್ಯೂಯಿ ಒಬ್ಬನದೇ ಒಂದು ಸಾಲು. ಅಡಿಗೆ ಮಾಡುವ ಸ್ಟಾಶ್‌ನ ಅಪ್ಪನದೂ ಇದೆ, ಸ್ಟಾಶ್ ಅದರ ಕೆಳಗೆ ನಿಂತೇ ಈರುಳ್ಳಿ ಹೆಚ್ಚುತ್ತಾನೆ. ಗೋಡೆಯ ಮೇಲೆ ಇಲ್ಲದ ಹೆಸರು ಎರಡೇ. ಒಂದು ಎಮೊರಿಯದು, ನಲವತ್ತು ವರ್ಷದಲ್ಲಿ ಅವನ ಗುರಿ ತಪ್ಪಿಲ್ಲ. ಅದಕ್ಕೇ ಕತ್ತರಿ ಹಿಡಿಯುವ ಹಕ್ಕು ಅವನದು. ಇನ್ನೊಂದು ಲೋವೆಲ್‌ನದು. ತಪ್ಪಬೇಕಾದರೂ ಗುಂಡು ಹಾರಿಸಬೇಕಲ್ಲ! ಕುಡಿದಾಗ ಅವರು ಒಬ್ಬರ ಚುಂಗನ್ನು ಒಬ್ಬರು ತೋರಿಸಿ ಕಾಲೆಳೆಯುತ್ತಿದ್ದರು, ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಇವನು ತಟ್ಟೆ ತೊಳೆಯುತ್ತಿದ್ದ. ಅಲ್ಲಿ ತನ್ನದೂ ಒಂದು ಅಂಗೈಯಗಲದ ತುಂಡು ಇರಬೇಕು ಎಂಬ ಆಸೆ ಎಷ್ಟು ಬಲವಾಗಿತ್ತೆಂದರೆ ಅದನ್ನು ಹೆಂಡತಿಗೂ ಹೇಳಿರಲಿಲ್ಲ.

ಅಳಿಲಾಗಿರಲಿಲ್ಲ. ಗಂಡು ಜಿಂಕೆ. ಕೊಂಬಿಗೆ ಎಂಟು ಕವಲು, ಎಡಗಡೆಯ ತುದಿ ಮುರಿದಿತ್ತು. ಮೂಗಿನಿಂದ ಆವಿ ಬಿಡುತ್ತ, ಮುಂಗಾಲು ಎತ್ತಿ ಇಡಲೋ ಬೇಡವೋ ಎಂದು ಅನುಮಾನಿಸುತ್ತ ನಿಂತಿತು. ಲೋವೆಲ್ ಬಂದೂಕು ಎತ್ತಿದ. ಬೆರಳು ಎಂದಿನಂತೆ ಮುಷ್ಕರ ಹೂಡಿತು. ಹೊಡಿಯೋ, ಈ ಅಂಗಿ ಹಾಕಿಕೊಂಡಾದರೂ ಹೊಡಿಯೋ ಎಂದು ತನಗೆ ತಾನೇ ಬೈದುಕೊಂಡ. ಜಿಂಕೆ ಇವನ ಕಡೆ ನೋಡಿ, ಲೆಕ್ಕಕ್ಕಿಲ್ಲದವನೆಂದು ತಿಳಿದುಕೊಂಡಿತೋ ಏನೋ, ನಿಧಾನವಾಗಿ ದಿಬ್ಬ ಹತ್ತಿ ಮಾವ ಕೂತಿದ್ದ ದಿಕ್ಕಿಗೆ ಹೋಯಿತು. ಸದ್ಯ, ಇನ್ನು ಅದು ಮಾವನ ಪಾಲು ಎಂದು ಉಸಿರು ಬಿಡುವಷ್ಟರಲ್ಲಿ ಢಂ ಎಂದಿತು. ಒಂದೇ ಗುಂಡು. ಆಮೇಲೆ ಬಿಳಿ ಬಾಲ ನೆಟ್ಟಗೆ ಎತ್ತಿಕೊಂಡು ಅದೇ ಗಂಡು ಪೊದೆ ಹಾರಿ, ತೊರೆ ಹಾರಿ, ಎದುರು ಗುಡ್ಡದಲ್ಲಿ ಮಾಯವಾಯಿತು.

ಲೋವೆಲ್ ಎದ್ದು ನಿಂತ. ಎಮೊರಿ ತಪ್ಪಿದ? ದಿಬ್ಬದಿಂದ ಮುದುಕ ಇಳಿದು ಬರುತ್ತಿದ್ದ, ಒಂದೊಂದು ಮರವನ್ನೂ ಹಿಡಿದುಕೊಂಡು, ಹೆಜ್ಜೆ ಊರುವ ಮುಂಚೆ ನೆಲವನ್ನು ಕಾಲಲ್ಲಿ ತಡವುತ್ತ. ಹತ್ತಿರ ಬಂದವನೇ ಅಳಿಯನನ್ನು ಮೇಲಿಂದ ಕೆಳಗೆ ನೋಡಿದ.

"ತಪ್ಪಿಸ್ಬಿಟ್ಟೆಯಲ್ಲೋ," ಎಂದ.

"ಏನು ಮಾವ?"

"ಜಿಂಕೆ ಕಣೋ. ಅಷ್ಟು ಹತ್ರ ಬಂದಿತ್ತು. ತಪ್ಪಿಸ್ಬಿಟ್ಟೆ."

"ನಾನಾ?"

"ಇನ್ಯಾರು, ನಾನಾ?" ಎಮೊರಿಯ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. "ಹೋಗ್ಲಿ ಬಿಡು, ಮೊದಲ್ನೇ ಸಲ. ಕೈ ನಡುಗುತ್ತೆ."

ಮುದುಕನ ಬಂದೂಕಿನ ಬಾಯಿಂದ ಮದ್ದಿನ ವಾಸನೆ ಇನ್ನೂ ಬರುತ್ತಿತ್ತು. ಲೋವೆಲ್ ಅದನ್ನು ನೋಡಿದ, ಮಾವನ ಮುಖ ನೋಡಿದ. ಇಲ್ಲ ಎನ್ನಬೇಕಿತ್ತು. ಅದರ ಬದಲು, ಗಿರಾಕಿಗೆ ಜೋಡು ಬಿಗಿಯಾದರೂ ಸರಿಯಾಗಿದೆ ಎಂದು ತಲೆಯಾಡಿಸುವ ಅಭ್ಯಾಸಬಲದಿಂದ, "ಹೌದು ಮಾವ, ನಡುಗಿಬಿಡ್ತು," ಎಂದ.

ಇಬ್ಬರೂ ಸೇರಿ ರಕ್ತದ ಗುರುತು ಹುಡುಕಿದರು. ಗಾಯಗೊಂಡ ಪ್ರಾಣಿಯನ್ನು ಬಿಟ್ಟು ಬರುವಷ್ಟು ಕೆಟ್ಟವರು ಆ ಗುಡ್ಡದಲ್ಲಿ ಯಾರೂ ಇರಲಿಲ್ಲ. ಒಂದು ಹನಿಯೂ ಇರಲಿಲ್ಲ. ಮಾವ ಮೊಣಕಾಲೂರಿ ಎಲೆಗಳನ್ನು ಮೂಗಿನ ಹತ್ತಿರ ತಂದು ತಂದು ನೋಡುತ್ತಿದ್ದ. ಕೆಂಪು ಮೇಪಲ್ ಎಲೆಯೊಂದನ್ನು ಹಿಡಿದು, "ಇದು ರಕ್ತ ಏನೋ?" ಎಂದು ಕೇಳಿದಾಗ ಲೋವೆಲ್‌ನಿಗೆ ತಟ್ಟನೆ ಹೊಳೆಯಿತು: ಮುದುಕನಿಗೆ ಕಣ್ಣು ಕಾಣುತ್ತಿಲ್ಲ. ಕಾಣದೆ ಬಹಳ ದಿನವಾಗಿದೆ. ಈ ವರ್ಷ ತಪ್ಪುತ್ತೇನೆಂದು ಅವನಿಗೆ ಮೊದಲೇ ಗೊತ್ತಿತ್ತು, ಅದಕ್ಕೇ ವರ್ನಾಳ ಅಂಗಿಯನ್ನು ಕಳಚಿ ಅಗ್ಗದ ಅಂಗಿ ತೊಟ್ಟು ಹೊರಟದ್ದು, ಕತ್ತರಿಸಿದರೆ ಅದನ್ನೇ ಕತ್ತರಿಸಲಿ ಎಂದು. ಪ್ರೀತಿಯೂ ಇಲ್ಲ, ಮಣ್ಣೂ ಇಲ್ಲ. ಬೆಳಗಿನಿಂದ ಎದೆ ತುಂಬಿಕೊಂಡು ಕೂತಿದ್ದೆನಲ್ಲ ನಾನು, ಪೆದ್ದ, ಬಟ್ಟೆ ತೂಗುಹಾಕುವ ಗೂಟ! ಸಿಟ್ಟು ಬಂತು. ಸಿಟ್ಟಿನ ಹಿಂದೆಯೇ, ಯಾರೋ ಕಚಗುಳಿ ಇಟ್ಟಂತೆ, ಇನ್ನೊಂದು ಯೋಚನೆ ಬಂತು. ಮಾವ ಗಾಬರಿಯಲ್ಲಿ ಒಂದು ಮರೆತಿದ್ದಾನೆ. ತಪ್ಪಿದವನು ಲೋವೆಲ್ ಎಂದಾದರೆ ಕತ್ತರಿ ಬೀಳುವುದು ಲೋವೆಲ್ ತೊಟ್ಟ ಅಂಗಿಗೆ. ಕೆಂಪು ಕೋಟಿನ ಗುಂಡಿಯನ್ನು ಅವನು ಕತ್ತಿನವರೆಗೂ ಹಾಕಿಕೊಂಡ.

ಬೇಟೆಮನೆಯಲ್ಲಿ ಕೋಟು ಬಿಚ್ಚುವ ಮುಂಚೆಯೇ ವಿಚಾರಣೆ. ಸ್ಟಾಶ್ ಎಲೆಕೋಸಿನಲ್ಲಿ ಮಾಂಸ ಸುತ್ತಿಟ್ಟ ಹಲುಪ್ಕಿಯ ಪಾತ್ರೆಗೆ ಮುಚ್ಚಳ ಹಾಕಿ ಬಂದ. ಡ್ಯೂಯಿ ನ್ಯಾಯಾಧೀಶ, ಹೆಗಲ ಮೇಲೆ ಮೇಜಿನ ಬಟ್ಟೆ ಹೊದ್ದುಕೊಂಡ.

"ಬೆಳಿಗ್ಗೆ ಒಂದು ಗುಂಡು ಕೇಳಿಸ್ತು. ಯಾರಪ್ಪಾ ಆ ಮಹಾನುಭಾವ?"

"ನಾನೇ," ಎಂದ ಲೋವೆಲ್.

ಡ್ಯೂಯಿ ಮೇಜು ಗುದ್ದಿದ. "ಅಯ್ಯಯ್ಯೋ! ನಮ್ಮ ಜೋಡಿನ ಸಾಹೇಬ್ರು! ಸ್ಟಾಶ್, ಬಾಟ್ಲಿ ತೆಗಿಯೋ, ಇವತ್ತು ಹಬ್ಬ! ಜಿಂಕೆ ಎಲ್ಲಿ?"

"ತಪ್ಪಿಹೋಯ್ತು."

"ತಪ್ಪಿಹೋಯ್ತಂತೆ! ಎಷ್ಟು ಚೆನ್ನಾಗಿ ಹೇಳ್ದ ನೋಡು, ಬಸ್ಸು ತಪ್ಪಿಹೋದ ಹಾಗೆ!"

ಬಂದೂಕು ಮೂಸಿ ನೋಡಬೇಕೆಂದು ಯಾರಿಗೂ ತೋಚಲಿಲ್ಲ. ತಪ್ಪಿಲ್ಲವೆಂದು ಸುಳ್ಳು ಹೇಳಿದವರು ಅಲ್ಲಿ ಬೇಕಾದಷ್ಟು ಮಂದಿ ಆಗಿಹೋಗಿದ್ದರು. ತಪ್ಪಿದ್ದೇನೆಂದು ಸುಳ್ಳು ಹೇಳುವವನು ಇನ್ನೂ ಹುಟ್ಟಿರಲಿಲ್ಲ. ಡ್ಯೂಯಿ ಕೇಳುತ್ತ ಹೋದ, ಲೋವೆಲ್ ಹೇಳುತ್ತ ಹೋದ. ಹೇಳಲು ಕಷ್ಟವೇ ಆಗಲಿಲ್ಲ, ಎಲ್ಲವನ್ನೂ ಕಣ್ಣಾರೆ ಕಂಡಿದ್ದನಲ್ಲ. ಮೂಗಿನ ಆವಿ, ಎತ್ತಿದ ಮುಂಗಾಲು, ಎಂಟು ಕವಲು, ಮುರಿದ ತುದಿ. ಇಷ್ಟು ಜನ ಬಾಯಿಬಿಟ್ಟುಕೊಂಡು ತನ್ನ ಮಾತು ಕೇಳುತ್ತಿರುವುದು ಅವನ ಜನ್ಮದಲ್ಲಿ ಮೊದಲ ಸಲ. ಅವನಿಗೆ ನಶೆಯೇರಿತು.

"ಎಂಟು ಕವಲಾ?" ಬಾಯಿ ತಪ್ಪಿ ಎಮೊರಿಯೇ ಕೇಳಿಬಿಟ್ಟ. ತಾನು ಗುಂಡು ಹಾರಿಸಿದ್ದು ಎಂಥದ್ದಕ್ಕೆಂದು ಅವನಿಗೆ ಈಗ ತಿಳಿಯುತ್ತಿತ್ತು.

"ನೀವೂ ಅಲ್ಲೇ ಇದ್ರಲ್ಲ ಎಮೊರಿ, ನೋಡ್ಲಿಲ್ವಾ?" ಎಂದ ಸ್ಟಾಶ್.

"ಮರ ಅಡ್ಡ ಇತ್ತು," ಎಂದು ಎಮೊರಿ ಕೆಮ್ಮಿದ.

"ತೀರ್ಪು ಆಯ್ತು," ಡ್ಯೂಯಿ ಎದ್ದ. "ಕೋಟು ಬಿಚ್ಚಪ್ಪಾ ಅಪರಾಧಿ. ತಿರುಗಿ ನಿಂತ್ಕೋ."

ಲೋವೆಲ್ ಗುಂಡಿಗಳನ್ನು ಒಂದೊಂದಾಗಿ, ಬೇಕೆಂದೇ ನಿಧಾನವಾಗಿ ಬಿಚ್ಚಿದ. ಮಾವನ ಮುಖದಿಂದ ಕಣ್ಣು ಕೀಳಲಿಲ್ಲ. ಕೋಟು ಜಾರಿತು. ಲಾಂದ್ರದ ಬೆಳಕಿಗೆ ಹಸಿರು ಕಪ್ಪು ಚೌಕಳಿ ಕಂಡಿತು, ಎಮೊರಿಯ ಕಣ್ಣಿಗೂ ಕಾಣುವಷ್ಟು ಹತ್ತಿರದಲ್ಲಿ.

"ಇದು ವರ್ನಾ ಹೊಲಿದ ಅಂಗಿ!" ಡ್ಯೂಯಿ ಕೂಗಿಯೇ ಬಿಟ್ಟ. "ಎಮೊರಿ ಅಂಗಿ! ಇದರ ಚುಂಗಿಗೆ ನಾನು ಎಷ್ಟು ವರ್ಷದಿಂದ ಜೊಲ್ಲು ಸುರಿಸ್ತಿದೀನಿ ಗೊತ್ತೇನ್ರೋ? ಒಳಗಿರೋ ಮನುಷ್ಯ ಯಾರಾದ್ರೇನು, ಚುಂಗು ಅದೇ ತಾನೇ!"

"ಅದು ಬೇಡ," ಎಂದ ಎಮೊರಿ. "ಅವನು ಬೇರೆ ಅಂಗಿ ಹಾಕ್ಕೊಂಡು ಬರ್ಲಿ."

"ಬೇರೆ ಅಂಗಿನಾ? ಆ ಸಲ ನಾನು ಹಳೇ ಅಂಗಿ ಹಾಕ್ಕೊಂಡು ಬಂದೆ ಅಂತ, ಕೋಟು ಬಿಚ್ಚೋಕ್ ಮುಂಚೆ ವಿಚಾರಣೆ ಅಂತ ಕಾನೂನು ಮಾಡಿದ್ದು ಯಾರು? ಸ್ವಾಮಿಗಳು ತಾವೇ ಅಲ್ವಾ?"

"ಅದು ಹಾಗಲ್ಲ ಡ್ಯೂಯಿ..."

"ಕತ್ತರಿಸಿ ಮಾವ," ಎಂದು ಲೋವೆಲ್ ನಯವಾಗಿ ಹೇಳಿದ, ಅಂಗಡಿಯಲ್ಲಿ ಹೇಳುವಂತೆಯೇ. "ತಪ್ಪು ನಂದೇ ತಾನೇ?" ಮುದುಕನ ತುಟಿ ಅದುರಿತು. ಹೇಳು, ಈಗ ಹೇಳು, ಇಲ್ಲವಾದರೆ ಕತ್ತರಿಸು. ಇಂಥ ಸುಖವನ್ನು ಲೋವೆಲ್ ಎಂದೂ ಉಂಡಿರಲಿಲ್ಲ. ಗೋಡೆಯ ಮೇಲೆ ತನ್ನ ಹೆಸರು, ಅದೂ ಆ ಗೋಡೆಯಲ್ಲೇ ಬಲು ಚೆಂದದ ಬಟ್ಟೆಯ ಮೇಲೆ. ಪ್ಯಾಂಟಿನಿಂದ ಚುಂಗು ಎಳೆದು ಬೆನ್ನು ತಿರುಗಿಸಿ ನಿಂತ.

ಕತ್ತರಿಯನ್ನು ಮೊಳೆಯಿಂದ ತೆಗೆದ ಸದ್ದು. ಬೆನ್ನ ಕೆಳಗೆ ಮುದುಕನ ಬೆರಳುಗಳು ಬಂದವು. ಅವು ಚುಂಗಿನ ಅಂಚನ್ನು ಹುಡುಕಿದವು, ಸಿಕ್ಕಮೇಲೆ ಮಡಿಕೆಯ ಹೊಲಿಗೆಯ ಮೇಲೆ ಮೆಲ್ಲಗೆ ಓಡಾಡಿದವು, ಒಂದು ತುದಿಯಿಂದ ಇನ್ನೊಂದು ತುದಿಗೆ. ಕಣ್ಣು ಕಾಣದವನು ಹಾಗೆ ಮುಟ್ಟಿ ನೋಡುತ್ತಿದ್ದಾನೆ ಎಂದು ಬೇರೆ ಯಾರಿಗೂ ಗೊತ್ತಾಗುವಂತಿರಲಿಲ್ಲ. ಲೋವೆಲ್‌ನಿಗೆ ಸುಖವೆಲ್ಲ ಇಳಿದುಹೋಯಿತು. ಬೇಡ ಮಾವ ಎನ್ನಬೇಕೆನಿಸಿತು, ಆದರೆ ಗೋಡೆ ಎದುರಿಗೇ ಇತ್ತು. ಕಚ್ ಎಂದಿತು. ಡ್ಯೂಯಿ ಬಗ್ಗಿ ನೋಡಿ, "ಇದೇನ್ರೀ ಇದು, ಬರೀ ಒಂದು ದಾರ! ನನ್ನ ಅಂಗಡೀಲಿ ಮಗುವಿನ ಕೂದಲು ಇದಕ್ಕಿಂತ ಜಾಸ್ತಿ ಬೀಳುತ್ತೆ," ಎಂದ. ಎಲ್ಲರೂ ನಕ್ಕರು. ಎಮೊರಿ ನಗಲಿಲ್ಲ. ಬೆರಳುಗಳು ಚುಂಗನ್ನು ಬಿಟ್ಟುಬಿಟ್ಟವು. ಆಮೇಲೆ ಬಟ್ಟೆ ಪರ್ರನೆ ಕತ್ತರಿಸಿದ ಸದ್ದು ಕೇಳಿತು, ಆದರೆ ಲೋವೆಲ್‌ನ ಬೆನ್ನ ಮೇಲೆ ಏನೂ ಎಳೆದಂತಾಗಲಿಲ್ಲ.

ತಿರುಗಿ ನೋಡಿದರೆ, ಎಮೊರಿ ಕೋಟು ಕಳಚಿ, ತನ್ನ ಅಂಗಡಿ ಅಂಗಿಯ ಚುಂಗನ್ನು ಹಿಂದಿನಿಂದ ಎಳೆದು ಹಿಡಿದು, ಅಡ್ಡಾದಿಡ್ಡಿಯಾಗಿ, ಸೊಂಟದಿಂದ ಮೇಲಕ್ಕೆ ಕತ್ತರಿ ಓಡಿಸಿದ್ದ. ತುಂಡನ್ನು ಮೇಜಿನ ಮೇಲಿಟ್ಟ.

"ಬರ್ಕೊಳ್ಳಿ. ಎಮೊರಿ ಶೇಫರ್."

ಯಾರೂ ಬರೆದುಕೊಳ್ಳಲಿಲ್ಲ.

"ಜಿಂಕೆ ಅಂತಾನೂ ಕಾಣ್ಲಿಲ್ಲ ಕಣ್ರೋ ನಂಗೆ. ಕಂದುಬಣ್ಣದ್ದು ಏನೋ ಅಲುಗಾಡ್ತು. ಹೊಡೆದೆ."

ನಗೆ ನಿಂತುಹೋಯಿತು. ಕಾಣದ್ದಕ್ಕೆ ಗುಂಡು ಹೊಡೆಯುವವನ ಕೈಗೆ ಮತ್ತೆ ಯಾರೂ ಬಂದೂಕು ಕೊಡುವುದಿಲ್ಲ, ಮಾತು ಆಡಿದವನಿಗೂ ಅದು ಗೊತ್ತಿತ್ತು. ಆ ಇಳಿಜಾರಿನ ಕೆಳಗೆ ಕೂತಿದ್ದವನು ಲೋವೆಲ್ ಎಂಬುದೂ ಎಲ್ಲರಿಗೂ ಗೊತ್ತಿತ್ತು. ಸ್ಟಾಶ್ ಎದ್ದು ಎಮೊರಿಯ ಬಂದೂಕಿನಿಂದ ಗುಂಡುಗಳನ್ನು ತೆಗೆದು, ಅದನ್ನು ಮೂಲೆಗೆ ಒರಗಿಸಿದ. ಎಮೊರಿ ಬೇಡವೆನ್ನಲಿಲ್ಲ.

"ಥೂ!" ಎಂದು ಕೊನೆಗೆ ಡ್ಯೂಯಿಯೇ ಬಾಯಿಬಿಟ್ಟ. "ನಲವತ್ತು ವರ್ಷ ಕಾದಿದ್ದಕ್ಕೆ ಸಿಕ್ಕಿದ್ದು ಈ ಅಂಗಡಿ ಚಿಂದಿ! ನೋಡ್ರೋ, ಬೆಳಕು ಆಕಡೆಯಿಂದ ಈಕಡೆ ಬರುತ್ತೆ!" ತುಂಡನ್ನು ಎತ್ತಿ ದೀಪಕ್ಕೆ ಹಿಡಿದ. ಮುದುಕ ಮೊದಲು ಮುಖ ಕಿವುಚಿದ, ಆಮೇಲೆ ಅವನ ಭುಜ ಕುಲುಕಿತು, ನಗುತ್ತಿದ್ದ. ಮೊಳೆ ಹೊಡೆದರು, ಬಾಟಲಿ ತೆಗೆದರು. ಆಗ ಡ್ಯೂಯಿಗೆ ನೆನಪಾಯಿತು. "ಅಲ್ಲಯ್ಯಾ ಲೋವೆಲ್, ಹೊಡೀದೇ ಇದ್ದೋನು ನೀನ್ಯಾಕೋ ಒಪ್ಕೊಂಡೆ?"

"ಗೋಡೆ ಮೇಲೆ ನಂದೂ ಒಂದು ಇರ್ಲಿ ಅಂತ," ಎಂದು ನಿಜವನ್ನೇ ಹೇಳಿಬಿಟ್ಟ. ಅವರು ನಕ್ಕ ನಗೆಗೆ ಹಲುಪ್ಕಿಯ ಪಾತ್ರೆಯ ಮುಚ್ಚಳ ಅದುರಿತು. ನಾಚಿಕೆಯಿಂದ ಅವನಿಗೆ ಕಿವಿ ಬಿಸಿಯಾಯಿತು. ಹೊಡೆದವನಲ್ಲ, ತಪ್ಪಿದವನೂ ಅಲ್ಲ, ಈಗ ಸುಳ್ಳನೂ ಆದೆ. ತಟ್ಟೆಗಳನ್ನು ತೆಗೆದಿಡಲು ಏಳುತ್ತಿದ್ದ, ಆಗ ಒಲೆಯ ಪಕ್ಕದ ಬೆಂಚಿನಿಂದ ಮಾವ ಕರೆದ.

"ಲೋ, ಆ ಅಂಗಿ ಬಿಚ್ಚಿ ಕೊಡು ಇತ್ಲಾಗೆ. ಬೆನ್ನಿಗೆ ಚಳಿ."

ಕೈ ತಾನಾಗಿ ಮೇಲಿನ ಗುಂಡಿಗೆ ಹೋಯಿತು. ಒಂದು ಗುಂಡಿ ಬಿಚ್ಚಿಯೂ ಆಯಿತು. ಅಷ್ಟಕ್ಕೆ ಕೈ ನಿಂತಿತು. ಬೆಳಿಗ್ಗೆ ಜಿಂಕೆಯ ಮುಂದೆ ಮರಗಟ್ಟಿದ್ದ ಬೆರಳೇ ಈಗ ಗುಂಡಿಯನ್ನು ಕಾಜಿಗೆ ಮತ್ತೆ ತೂರಿಸಿತು.

"ಕೊಡಲ್ಲ ಮಾವ."

"ಏನಂದೆ?"

"ಕೊಡಲ್ಲ ಅಂದೆ."

ಸ್ಟಾಶ್‌ನ ಸೌಟು ಪಾತ್ರೆಯ ಮೇಲೇ ನಿಂತಿತು. ಎಮೊರಿ ಮಂಜುಗಟ್ಟಿದ ಕಣ್ಣು ಕಿರಿದು ಮಾಡಿ, ಮಾತು ಎಲ್ಲಿಂದ ಬಂತೆಂದು ಹುಡುಕುವವನ ಹಾಗೆ ಅವನನ್ನೇ ಬಹಳ ಹೊತ್ತು ನೋಡಿದ. ಆಮೇಲೆ ಬೆಂಚಿನ ಮೇಲೆ ಸ್ವಲ್ಪ ಸರಿದ.

"ಹಾಗಾದ್ರೆ ಬಾ, ಬೆನ್ನಿಗೆ ಬೆನ್ನು ಕೊಟ್ಟು ಕೂತ್ಕೋ. ಅಂಗಿ ನಿಂದೇ ಆಗ್ಲಿ, ಬಿಸಿ ಆದ್ರೂ ನಂಗೆ ಬರ್ಲಿ."

ಲೋವೆಲ್ ಹೋಗಿ ಕೂತ. ಹರಿದ ಅಂಗಿಯ ಈಚೆಗೆ ಮುದುಕನ ಬರಿ ಬೆನ್ನು ತಣ್ಣಗೆ ತಾಗಿತು, ಆಮೇಲೆ ಪೂರ್ತಿ ಭಾರ ಬಿಟ್ಟು ಒರಗಿಕೊಂಡಿತು. ಸ್ಟಾಶ್ ಎರಡು ತಟ್ಟೆ ತಂದು ಕೊಟ್ಟ, ಇಬ್ಬರೂ ಒಬ್ಬರ ಮುಖ ಒಬ್ಬರು ನೋಡದೆ ಊಟ ಮಾಡಿದರು.